ಊರಿಗೆ ಹೋದಾಗ ಮೀನು ನೋಡಿಕೊಳ್ಳೋರು ಯಾರು? ಮನೆಯಲ್ಲೇ ಕಟ್ಟಿಕೊಳ್ಳುವ ಅಕ್ವೇರಿಯಂ ಕಾವಲು

ಹೋದ ಡಿಸೆಂಬರ್‌ನಲ್ಲಿ ಒಂದು ಮದುವೆಗೆ ಅಂತ ಶಿರಸಿ ಕಡೆ ಹೋಗಿದ್ದೆವು. ಎರಡೇ ರಾತ್ರಿ. ಬೆಂಗಳೂರಿಗೆ ವಾಪಸ್ ಬಂದು ಬಾಗಿಲು ತೆಗೆದಾಗಲೇ ಮೂಗಿಗೆ ವಾಸನೆ ಬಡಿಯಿತು. ಲೈಟ್ ಹಾಕಿ ನೋಡಿದರೆ ಅಕ್ವೇರಿಯಂ ನೀರು ಮಬ್ಬಾಗಿತ್ತು, ಕೈ ಹಾಕಿದರೆ ಸ್ನಾನಕ್ಕೆ ತೋಡಿಟ್ಟ ನೀರಿನಷ್ಟು ಬಿಸಿ. ಹನ್ನೆರಡು ನಿಯಾನ್ ಟೆಟ್ರಾ, ನಾಲ್ಕು ಕೋರಿ ಮೀನು. ಒಂದೂ ಉಳಿದಿರಲಿಲ್ಲ. ಕೋರಿಗಳಿಗೆ ನನ್ನ ಮಗಳು ಹೆಸರಿಟ್ಟಿದ್ದಳು.

ಆಮೇಲೆ ತೊಟ್ಟಿಯ ನೀರನ್ನು ಬೆಚ್ಚಗಿಡುವ ಹೀಟರ್ ಬಿಚ್ಚಿ ನೋಡಿದೆ. ಅದರೊಳಗೆ ಒಂದು ಲೋಹದ ಪಟ್ಟಿ ಇರುತ್ತದೆ, ಬಿಸಿಯಾದಾಗ ಬಾಗಿ ಕರೆಂಟ್ ಕಡಿಯುವುದು ಅದರ ಕೆಲಸ. ಪಟ್ಟಿಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಗಾತ್ರದ ಎರಡು ಚುಕ್ಕೆಗಳು ಒಂದನ್ನೊಂದು ಮುಟ್ಟುತ್ತವೆ, ಬಿಡುತ್ತವೆ. ದಿನಕ್ಕೆ ಹತ್ತಾರು ಸಲ ಅಲ್ಲಿ ಕಿಡಿ ಹಾರಿ ಹಾರಿ ಎರಡೂ ಬೆಸೆದುಕೊಂಡಿದ್ದವು. ಉಗುರಿನಿಂದ ಬಿಡಿಸಲು ಆಗಲಿಲ್ಲ, ಚಾಕುವಿನ ತುದಿ ಬೇಕಾಯಿತು. ಅಂದರೆ ಆ ಹೀಟರ್ ಆಫ್ ಆಗಲೇ ಇಲ್ಲ.

ಅವತ್ತಿನಿಂದ ನಾನು ತೊಟ್ಟಿಗೆ ಒಂದು ಕಾವಲು ವ್ಯವಸ್ಥೆ ಕಟ್ಟುವುದನ್ನು ಕಲಿತೆ. ನೀರಿನ ಬಿಸಿ, ಮಟ್ಟ, ಫಿಲ್ಟರ್ ಎಲ್ಲವನ್ನೂ ಒಂದು ಪುಟ್ಟ ಬೋರ್ಡ್ ನೋಡಿಕೊಳ್ಳುತ್ತದೆ, ಬೇಕಾದಾಗ ಆನ್ ಆಫ್ ಮಾಡುತ್ತದೆ, ಹೆಚ್ಚುಕಡಿಮೆ ಆದರೆ ಮೊಬೈಲಿಗೆ ಸುದ್ದಿ ಕಳಿಸುತ್ತದೆ. ಎಲೆಕ್ಟ್ರಾನಿಕ್ಸ್ ಓದಿಲ್ಲದವರೂ ಇದನ್ನು ಕಟ್ಟಬಹುದು. ಆದರೆ ಕಟ್ಟುವ ಮೊದಲು ಪ್ರತಿಯೊಂದು ತುಂಡಿನ ಬಗ್ಗೆಯೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದು ಕೆಟ್ಟರೆ ಮೀನಿಗೆ ಏನಾಗುತ್ತದೆ? ಈ ಲೇಖನದ ಉದ್ದಕ್ಕೂ ನಾನು ಆ ಪ್ರಶ್ನೆಯನ್ನೇ ಹಿಡಿದು ಹೋಗುತ್ತೇನೆ.

## ಮೊದಲು, ತೊಟ್ಟಿಯೊಳಗೆ ನಡೆಯುವುದೇನು?

ಅಕ್ವೇರಿಯಂ ಅಂದರೆ ಬಾಗಿಲು ಹಾಕಿದ ಕೋಣೆ ಇದ್ದಹಾಗೆ. ಕೆರೆಯಲ್ಲಾದರೆ ಮೀನಿನ ಗಲೀಜು ಲಕ್ಷಾಂತರ ಲೀಟರ್ ನೀರಿನಲ್ಲಿ ಕರಗಿ ಹೋಗುತ್ತದೆ. ಇಲ್ಲಿ ನೂರು ಲೀಟರ್‌ನಲ್ಲೇ ಉಳಿಯಬೇಕು. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ, ತಿನ್ನದೆ ಉಳಿದ ಊಟವೂ ಕೊಳೆತು ಅಮೋನಿಯಾ ಆಗುತ್ತದೆ. ಇದು ಮೀನಿಗೆ ವಿಷ. ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯುವ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ (ಅದೂ ವಿಷವೇ), ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟೊಂದು ಅಪಾಯ ಅಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹೋಗುತ್ತದೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಹಾಲಿಗೆ ಹೆಪ್ಪು ಹಾಕಿದ ಮೇಲೆ ಕಾಯುತ್ತೇವಲ್ಲ, ಹಾಗೆ ಇದಕ್ಕೂ ಕಾಯಬೇಕು. ಯಾವ ಸೆನ್ಸರ್ ಹಾಕಿದರೂ ಆ ಕಾಯುವಿಕೆ ತಪ್ಪುವುದಿಲ್ಲ.

ಈ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕೇ ಬೇಕು. ಆದ್ದರಿಂದ ಫಿಲ್ಟರ್ ನಿಂತರೆ ನೀರು ಸೋಸುವುದು ಮಾತ್ರ ನಿಲ್ಲುವುದಲ್ಲ, ಕೆಲವು ಗಂಟೆಗಳಲ್ಲಿ ಸ್ಪಂಜಿನೊಳಗಿನ ಈ ಜೀವಿಗಳೂ ಸಾಯಲು ಶುರುವಾಗಬಹುದು.

ಬಿಸಿಯ ಕತೆಯೂ ಇದಕ್ಕೇ ಸೇರಿಕೊಂಡಿದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ, 30 ಡಿಗ್ರಿಯಲ್ಲಿ 7.5ರ ಆಸುಪಾಸು. ಬೆಂಗಳೂರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಇನ್ನೂ ಹತ್ತನೇ ಒಂದು ಪಾಲು ಕಡಿಮೆ. ಅದೇ ಹೊತ್ತಿಗೆ ಬಿಸಿ ನೀರಿನಲ್ಲಿ ಮೀನಿನ ಉಸಿರಾಟ ಜೋರಾಗುತ್ತದೆ. ಬೇಕಾಗುವುದು ಜಾಸ್ತಿ, ಸಿಗುವುದು ಕಡಿಮೆ. ನನ್ನ ಟೆಟ್ರಾಗಳಿಗೆ ಆದದ್ದು ಇದೇ.

## ಮೂರು ಭಾಗಗಳು

ಈ ಬಗೆಯ ಎಲ್ಲಾ ವ್ಯವಸ್ಥೆಗಳಲ್ಲೂ ಮೂರು ಭಾಗ ಇರುತ್ತವೆ. ಅಳೆಯುವುದು ಸೆನ್ಸರ್. ಯೋಚಿಸುವುದು ಬೋರ್ಡ್. ಕೈಯಾರೆ ಕೆಲಸ ಮಾಡುವುದು ರಿಲೇ (ಬೋರ್ಡ್ ಆಳುವ ಸ್ವಿಚ್), ಪಂಪ್, ಫ್ಯಾನ್ ಇತ್ಯಾದಿ. ಅನ್ನ ಮಾಡುವಾಗ ಅಗುಳು ಹಿಸುಕಿ ನೋಡುವ ಬೆರಳು, ಬೆಂದಿದೆಯೋ ಇಲ್ಲವೋ ಅಂತ ತೀರ್ಮಾನಿಸುವ ತಲೆ, ಒಲೆ ಆರಿಸುವ ಕೈ, ಅಷ್ಟೇ.

ಬೋರ್ಡಿಗೆ ನಾನು ಬಳಸುವುದು ಇಎಸ್‌ಪಿ32. 2016ರಲ್ಲಿ ಶಾಂಘೈನ ಎಸ್‌ಪ್ರೆಸಿಫ್ ಕಂಪನಿ ತಂದ ಚಿಪ್ ಇದು. ಬೆಂಕಿಪೊಟ್ಟಣದಷ್ಟು ಅಗಲದ ಬೋರ್ಡಿನಲ್ಲೇ ವೈಫೈ, ಬ್ಲೂಟೂತ್ ಎರಡೂ ಬರುತ್ತವೆ, ಮೊಬೈಲ್ ಚಾರ್ಜರ್‌ನಲ್ಲಿ ಓಡುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ, ಇಲ್ಲವೇ ಆನ್‌ಲೈನ್‌ನಲ್ಲಿ ಸುಮಾರು 500 ರೂಪಾಯಿಗೆ ಸಿಗುತ್ತದೆ. ಹವಳ ಸಾಕುವ ಸಮುದ್ರದ ನೀರಿನ ತೊಟ್ಟಿ ಇಟ್ಟವರು ರಾಸ್‌ಬೆರ್ರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ರೀಫ್-ಪೈ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳುವುದುಂಟು. ಸಾಧಾರಣ ಸಿಹಿನೀರಿನ ತೊಟ್ಟಿಗೆ ಅಷ್ಟು ದೊಡ್ಡದು ಬೇಡ.

ಪ್ರೋಗ್ರಾಂ ಬರೆಯಲು ಬಾರದವರಿಗೆ ಇಎಸ್‌ಪಿಹೋಮ್ ಅಂತ ಒಂದಿದೆ. ಸಾಮಾನಿನ ಚೀಟಿ ಬರೆದಹಾಗೆ "ಈ ಪಿನ್ನಿನಲ್ಲಿ ಈ ಸೆನ್ಸರ್ ಇದೆ, ಆ ಪಿನ್ನಿನಲ್ಲಿ ರಿಲೇ ಇದೆ" ಅಂತ ಸಾಲು ಸಾಲಾಗಿ ಬರೆದುಕೊಟ್ಟರೆ ಪ್ರೋಗ್ರಾಂ ಅದೇ ತಯಾರು ಮಾಡುತ್ತದೆ.

## ಬಿಸಿ ಅಳೆಯುವ ಕಡ್ಡಿ, ಮತ್ತು ಅದು ಹೇಳುವ ಎರಡು ಸುಳ್ಳು

ಎಲ್ಲಕ್ಕಿಂತ ಮೊದಲು ಹಾಕಬೇಕಾದ ಸೆನ್ಸರ್ ಡಿಎಸ್18ಬಿ20. ಸ್ಟೀಲ್ ಕೊಳವೆಯೊಳಗೆ ಮುಚ್ಚಿ, ವೈರ್ ಸಮೇತ ಬರುತ್ತದೆ, ಹಾಗೇ ನೀರಿಗೆ ಇಳಿಬಿಡಬಹುದು. ಮೂರು ವೈರ್: ಒಂದು ಕರೆಂಟಿಗೆ, ಒಂದು ಗ್ರೌಂಡಿಗೆ, ಒಂದು ಮಾತಾಡಲು. ಮಾತಾಡುವ ವೈರಿಗೂ ಕರೆಂಟಿನ ವೈರಿಗೂ ನಡುವೆ 4.7 ಕಿಲೋಓಮ್ ರೆಸಿಸ್ಟರ್ ಹಾಕಲೇಬೇಕು, ಇಲ್ಲದಿದ್ದರೆ ಓದು (ಅಳತೆಯ ಸಂಖ್ಯೆ) ಬರುವುದೇ ಇಲ್ಲ, ಬಂದರೂ ನಂಬುವ ಹಾಗಿರುವುದಿಲ್ಲ. ನಮಗೆ ಬೇಕಾದ ಬಿಸಿಯಲ್ಲಿ ಇದರ ತಪ್ಪು ಹೆಚ್ಚೆಂದರೆ ಅರ್ಧ ಡಿಗ್ರಿ. ಪ್ರತಿಯೊಂದಕ್ಕೂ ಹುಟ್ಟಿನಿಂದಲೇ ಬೇರೆ ಬೇರೆ ಗುರುತಿನ ಸಂಖ್ಯೆ ಇರುವುದರಿಂದ ಒಂದೇ ವೈರಿಗೆ ಎರಡು ಮೂರು ಕಡ್ಡಿ ಪೋಣಿಸಬಹುದು. ಮಾರುಕಟ್ಟೆಯಲ್ಲಿ ನಕಲಿ ಚಿಪ್ಪುಗಳು ತುಂಬಾ ಇವೆ, ಆದ್ದರಿಂದ ತಂದ ಮೇಲೆ ಒಂದು ಲೋಟ ಪುಡಿ ಐಸ್ ಮತ್ತು ನೀರಿನಲ್ಲಿ ಅದ್ದಿ ನೋಡಿ. ಕಲಕುತ್ತಾ ಐದು ನಿಮಿಷ ಬಿಟ್ಟರೆ ಸೊನ್ನೆಯ ಹತ್ತಿರ ಬರಬೇಕು.

ಈಗ ಸುಳ್ಳಿನ ವಿಷಯ. ಈ ಕಡ್ಡಿಗೆ ಕರೆಂಟ್ ಬಂದ ತಕ್ಷಣ, ಇನ್ನೂ ಅಳೆಯುವ ಮೊದಲೇ ಕೇಳಿಬಿಟ್ಟರೆ ಅದು 85 ಡಿಗ್ರಿ ಅನ್ನುತ್ತದೆ. ಅದು ಅಳತೆಯಲ್ಲ, ಚಿಪ್ಪಿನಲ್ಲಿ ಕಂಪನಿಯವರೇ ಮೊದಲೇ ಇಟ್ಟಿರುವ ಸಂಖ್ಯೆ. ಪೂರ್ತಿ ನಿಖರವಾಗಿ ಅಳೆಯಲು ಅದಕ್ಕೆ ಮುಕ್ಕಾಲು ಸೆಕೆಂಡ್ ಬೇಕು. ಇನ್ನೊಂದು ಸುಳ್ಳು ಇದಕ್ಕಿಂತ ಕೆಟ್ಟದ್ದು. ವೈರ್ ಕಿತ್ತುಹೋದರೆ ಆರ್ಡುಯಿನೋದಲ್ಲಿ (ಇಂಥ ಬೋರ್ಡುಗಳಿಗೆ ಪ್ರೋಗ್ರಾಂ ಬರೆಯುವ ಸಾಧನ) ಎಲ್ಲರೂ ಬಳಸುವ ಲೈಬ್ರರಿ, ಅಂದರೆ ಸಿದ್ಧ ಪ್ರೋಗ್ರಾಂ, ಮೈನಸ್ 127 ಅಂತ ಕೊಡುತ್ತದೆ. ಈಗ ನಿಮ್ಮ ಪ್ರೋಗ್ರಾಂನಲ್ಲಿ "25.5ಕ್ಕಿಂತ ಕಡಿಮೆ ಇದ್ದರೆ ಹೀಟರ್ ಆನ್" ಅಂತ ಮಾತ್ರ ಬರೆದಿದ್ದರೆ ಏನಾಗುತ್ತದೆ ಯೋಚಿಸಿ. ಮೈನಸ್ 127 ಅಂದರೆ ಭಯಂಕರ ಚಳಿ, ಅಲ್ವಾ? ಬೋರ್ಡ್ ಹೀಟರ್ ಆನ್ ಮಾಡಿ ಕೂರುತ್ತದೆ. ಕಿತ್ತುಹೋದ ಒಂದು ವೈರಿನಿಂದ ಇಡೀ ತೊಟ್ಟಿ ಬೇಯುತ್ತದೆ.

ಅದಕ್ಕೇ ನಿಯಮ ಹೀಗಿರಬೇಕು: ಓದು 15ಕ್ಕಿಂತ ಕಡಿಮೆ ಅಥವಾ 40ಕ್ಕಿಂತ ಜಾಸ್ತಿ ಬಂದರೆ ಅದನ್ನು ನಂಬಬೇಡ, ಹೀಟರ್ ಆಫ್ ಮಾಡು, ನನಗೆ ಸುದ್ದಿ ಕಳಿಸು. ಹತ್ತು ನಿಮಿಷದಿಂದ ಹೊಸ ಓದು ಬಂದೇ ಇಲ್ಲ ಅಂದರೂ ಹಾಗೇ ಮಾಡು. ಬೆಂಗಳೂರಿನಲ್ಲಿ ಒಂದು ರಾತ್ರಿ ಹೀಟರ್ ಇಲ್ಲದಿದ್ದರೆ ಮೀನಿಗೆ ಚಳಿಯಾಗಬಹುದು, ಆದರೆ ಹೆಚ್ಚಿನವು ಬದುಕುತ್ತವೆ. ಒಂದು ರಾತ್ರಿ ಹೀಟರ್ ನಿಲ್ಲದೆ ಓಡಿದರೆ ಬದುಕುವುದಿಲ್ಲ.

## ಎಷ್ಟು ವ್ಯಾಟ್, ಎಷ್ಟು ಹೊತ್ತು

ಇಲ್ಲಿ ಸಣ್ಣ ಲೆಕ್ಕ ಮಾಡೋಣ, ಅರ್ಥವಾದರೆ ತುಂಬಾ ಉಪಯೋಗ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4,186 ಜೂಲ್ ಶಕ್ತಿ ಬೇಕು. ಒಂದು ವ್ಯಾಟ್ ಅಂದರೆ ಸೆಕೆಂಡಿಗೆ ಒಂದು ಜೂಲ್. ನನ್ನ ಮೂರಡಿ ತೊಟ್ಟಿಯಲ್ಲಿ ಕಲ್ಲು ಮರಳು ಕಳೆದರೆ 100 ಲೀಟರ್ ನೀರು. ಅದನ್ನು ಒಂದು ಡಿಗ್ರಿ ಏರಿಸಲು 100 ವ್ಯಾಟ್ ಹೀಟರಿಗೆ ಸುಮಾರು 70 ನಿಮಿಷ ಬೇಕು, 300 ವ್ಯಾಟಿಗೆ 23 ನಿಮಿಷ ಸಾಕು. ಗಾಳಿಗೆ ಹೋಗುವ ಬಿಸಿಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.

ನನ್ನ ಹಳೆಯದು 300 ವ್ಯಾಟ್. ಅಂಗಡಿಯಲ್ಲಿ "ದೊಡ್ಡದೇ ಇರಲಿ ಸರ್" ಅಂದಿದ್ದರು, ನಾನೂ ಹೂಂ ಅಂದಿದ್ದೆ. ಅದು ಅಂಟಿಕೊಂಡಾಗ 26ರಿಂದ 36 ಡಿಗ್ರಿಗೆ ಹೋಗಲು ನಾಲ್ಕೈದು ಗಂಟೆ ಸಾಕಾಗಿರುತ್ತದೆ. ನಾವು ಆಗ ಇನ್ನೂ ದಾವಣಗೆರೆ ದಾಟಿದ್ದೆವಷ್ಟೇ. ಅದೇ 100 ವ್ಯಾಟ್ ಆಗಿದ್ದರೆ? ನೀರು ಬಿಸಿಯಾದಷ್ಟೂ ಗಾಜಿನಿಂದ, ಮೇಲ್ಮೈಯಿಂದ ಹೊರಗೆ ಹೋಗುವ ಬಿಸಿಯೂ ಜಾಸ್ತಿಯಾಗುತ್ತದೆ, ಒಂದು ಹಂತದಲ್ಲಿ ಹೀಟರ್ ಕೊಡುವುದೂ ಹೊರಗೆ ಹೋಗುವುದೂ ಸಮವಾಗಿ ಏರಿಕೆ ನಿಲ್ಲುತ್ತದೆ. ಡಿಸೆಂಬರಿನ ಚಳಿಯಲ್ಲಿ ಸಣ್ಣ ಹೀಟರ್ ಅಂಟಿಕೊಂಡಿದ್ದರೂ ತೊಟ್ಟಿ ಅಷ್ಟು ಬೇಯುತ್ತಿರಲಿಲ್ಲ. ಲೀಟರಿಗೆ ಒಂದು ವ್ಯಾಟ್ ಅನ್ನುವ ಹಳೆಯ ಲೆಕ್ಕ ನಮ್ಮ ಹವೆಗೆ ಧಾರಾಳ ಸಾಕು.

ಇನ್ನು ಆನ್ ಆಫ್ ಮಾಡುವ ರೀತಿ. 26 ಡಿಗ್ರಿಗೆ ಆಫ್, 26ಕ್ಕಿಂತ ಕೂದಲೆಳೆ ಕಡಿಮೆಯಾದರೆ ಆನ್ ಅಂತ ಇಟ್ಟರೆ ರಿಲೇ ನಿಮಿಷಕ್ಕೆ ಹತ್ತು ಸಲ ಟಿಕ್ ಟಿಕ್ ಅನ್ನುತ್ತದೆ, ಬೇಗ ಸವೆಯುತ್ತದೆ. ಮನೆ ಮೇಲಿನ ನೀರಿನ ಟ್ಯಾಂಕಿಗೆ ಮೋಟಾರ್ ಹಾಕುವವರು ಹಾಗೆ ಮಾಡುವುದಿಲ್ಲ. ಅರ್ಧ ಖಾಲಿಯಾದ ಮೇಲೆ ಹಾಕಿ, ತುಂಬಿದ ಮೇಲೆ ಆರಿಸುತ್ತಾರೆ. ಇಲ್ಲೂ ಅಷ್ಟೇ: 25.5ಕ್ಕೆ ಆನ್, 26ಕ್ಕೆ ಆಫ್. ನಡುವಿನ ಅರ್ಧ ಡಿಗ್ರಿಯಲ್ಲಿ ಮೊದಲು ಹೇಗಿತ್ತೋ ಹಾಗೇ ಇರಲಿ.

ಬೇಸಿಗೆಗೆ ಇದರ ಉಲ್ಟಾ. ನೀರಿನ ಮೇಲ್ಮೈಗೆ ಗಾಳಿ ಬೀಸುವ ಹಾಗೆ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಒಂದನ್ನು ಕೂರಿಸಿ, 28.5 ಆದಾಗ ಆನ್ ಮಾಡಿದರೆ ನೀರು ಆವಿಯಾಗುತ್ತಾ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಣ್ಣಿನ ಹೂಜಿ ತಂಪಾಗುವುದೂ ಹೀಗೆಯೇ. ಒಣ ಹವೆ ಇರುವ ಬೆಂಗಳೂರು, ಕಲಬುರಗಿ ಕಡೆ ಇದು ಚೆನ್ನಾಗಿ ನಡೆಯುತ್ತದೆ. ಮಂಗಳೂರು, ಕಾರವಾರದ ಸೆಕೆಯಲ್ಲಿ ಗಾಳಿ ಮೊದಲೇ ಒದ್ದೆ, ಅಲ್ಲಿ ಇಷ್ಟು ಇಳಿಯುವುದಿಲ್ಲ.

## ರಿಲೇ: ಬೋರ್ಡ್ ಸತ್ತರೂ ಸರಿಯಾಗಿ ಬೀಳಬೇಕು

ಬೋರ್ಡ್ 3.3 ವೋಲ್ಟಿನದು, ಹೀಟರ್ 230 ವೋಲ್ಟಿನದು. ಇವೆರಡನ್ನೂ ಮುಟ್ಟಿಸದೆ ಒಂದರಿಂದ ಇನ್ನೊಂದನ್ನು ಆಳುವ ಸ್ವಿಚ್ಚೇ ರಿಲೇ. ಒಳಗೆ ಒಂದು ಸುರುಳಿ ಇರುತ್ತದೆ, ಅದಕ್ಕೆ ಸಣ್ಣ ಕರೆಂಟ್ ಕೊಟ್ಟರೆ ಅಯಸ್ಕಾಂತವಾಗಿ ಒಂದು ಪಟ್ಟಿಯನ್ನು ಎಳೆಯುತ್ತದೆ, ಟಕ್ ಅಂತ ದೊಡ್ಡ ಕರೆಂಟಿನ ದಾರಿ ಬದಲಾಗುತ್ತದೆ.

ರಿಲೇಯ ಒಂದು ಬದಿಯಲ್ಲಿ ಮೂರು ಸ್ಕ್ರೂ ಇರುತ್ತವೆ. ನಡುವಿನದು ಕಾಮನ್. ಒಂದು ಪಕ್ಕ ಎನ್‌ಒ, ಇನ್ನೊಂದು ಪಕ್ಕ ಎನ್‌ಸಿ. ಸ್ಪ್ರಿಂಗ್ ಇರುವ ಬಾಗಿಲನ್ನು ನೆನೆಸಿಕೊಳ್ಳಿ. ಯಾರೂ ತಳ್ಳದಿದ್ದಾಗ ಅದು ಯಾವ ಕಡೆ ನಿಲ್ಲುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಎನ್‌ಒ ಅಂದರೆ ಯಾರೂ ಮುಟ್ಟದಿದ್ದಾಗ ದಾರಿ ತುಂಡಾಗಿರುತ್ತದೆ, ಕರೆಂಟ್ ಹರಿಯುವುದಿಲ್ಲ. ಎನ್‌ಸಿ ಅಂದರೆ ಯಾರೂ ಮುಟ್ಟದಿದ್ದಾಗ ಕರೆಂಟ್ ಹರಿಯುತ್ತಲೇ ಇರುತ್ತದೆ, ಬೋರ್ಡ್ ಎಳೆದಾಗ ಮಾತ್ರ ನಿಲ್ಲುತ್ತದೆ.

ಈಗ ಆ ಪ್ರಶ್ನೆ ಕೇಳಿ. ಬೋರ್ಡ್ ಸುಟ್ಟುಹೋಯಿತು, ಅಥವಾ ಅದರ ಚಾರ್ಜರ್ ಕೆಟ್ಟಿತು. ಹೀಟರ್ ಹೇಗಿರಬೇಕು? ಆಫ್. ಹಾಗಾದರೆ ಹೀಟರಿನ ವೈರ್ ಎನ್‌ಒಗೆ. ಫಿಲ್ಟರ್ ಹೇಗಿರಬೇಕು? ಓಡುತ್ತಲೇ ಇರಬೇಕು. ಅದು ಎನ್‌ಸಿಗೆ. ಏರ್ ಪಂಪೂ ಎನ್‌ಸಿಗೆ. ನೀರು ತುಂಬುವ ಪಂಪ್ ಎನ್‌ಒಗೆ. ಬೋರ್ಡ್ ಪೂರ್ತಿ ಸತ್ತಾಗ ತೊಟ್ಟಿ ತಾನಾಗಿಯೇ ಹಳೆಯ ಕಾಲದ ಸಾದಾ ಅಕ್ವೇರಿಯಂ ಆಗಿಬಿಡಬೇಕು, ಫಿಲ್ಟರ್ ಓಡುತ್ತಾ, ಗುಳ್ಳೆ ಬರುತ್ತಾ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ಮುಖ್ಯವಾದ ತೀರ್ಮಾನ ಇನ್ನೊಂದಿಲ್ಲ, ಮತ್ತು ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ವೈರನ್ನು ಆ ಸ್ಕ್ರೂನಿಂದ ಬಿಚ್ಚಿ ಈ ಸ್ಕ್ರೂಗೆ ಹಾಕುವುದಷ್ಟೇ.

ಆದರೆ ರಿಲೇಯ ಚುಕ್ಕೆಗಳೂ ಅಂಟಿಕೊಳ್ಳಬಹುದಲ್ಲ? ಖಂಡಿತ. ಆದ್ದರಿಂದ ಹೀಟರಿನಲ್ಲೇ ಇರುವ, ಬಿಸಿ ಹೊಂದಿಸುವ ತಿರುಪನ್ನು ಪೂರ್ತಿ ಏರಿಸಿ ಬಿಡಬೇಡಿ. ಬೋರ್ಡ್ 26ಕ್ಕೆ ಆಫ್ ಮಾಡುವ ಹಾಗಿದ್ದರೆ ಹೀಟರಿನ ತಿರುಪನ್ನು 27ಕ್ಕೆ ಇಡಿ. ದಿನನಿತ್ಯ ಬೋರ್ಡೇ ಆಳುತ್ತದೆ. ರಿಲೇ ಅಂಟಿದರೆ ಹೀಟರಿನ ಪಟ್ಟಿ 27ಕ್ಕೆ ತಡೆಯುತ್ತದೆ. ಪಟ್ಟಿ ಅಂಟಿದರೆ ರಿಲೇ ತಡೆಯುತ್ತದೆ. ಎರಡೂ ಒಂದೇ ರಾತ್ರಿ ಅಂಟಿಕೊಳ್ಳುವುದು ತೀರಾ ಅಪರೂಪ.

ಇನ್ನೊಂದು ಸಣ್ಣ ವಿಷಯ, ಆದರೆ ಬಹಳ ಜನರನ್ನು ಕಾಡುತ್ತದೆ. ಇಲ್ಲಿ ಸಿಗುವ ಅಗ್ಗದ ನೀಲಿ ರಿಲೇ ಮಾಡ್ಯೂಲುಗಳಲ್ಲಿ ಹೆಚ್ಚಿನವು ಉಲ್ಟಾ ಕೆಲಸ ಮಾಡುತ್ತವೆ: ಪಿನ್ನಿನ ವೋಲ್ಟೇಜ್ ಕೆಳಗಿಳಿದರೆ ರಿಲೇ ಎಳೆಯುತ್ತದೆ. ಬೋರ್ಡ್ ಆನ್ ಆಗುವ ಮೊದಲ ಕ್ಷಣದಲ್ಲಿ ಕೆಲವು ಪಿನ್ನುಗಳು ತಾವಾಗಿಯೇ ಮೇಲೆ ಕೆಳಗೆ ಆಡುತ್ತವೆ, ಆಗ ರಿಲೇ ಒಮ್ಮೆ ಟಕ್ ಅನ್ನುತ್ತದೆ. ಹಾಗೆ ಆಡದ ಪಿನ್ನುಗಳನ್ನೇ ಆರಿಸಿಕೊಳ್ಳಿ, ಮೊದಲ ದಿನ ಹೀಟರ್ ಬದಲು ಒಂದು ಬೆಡ್ ಲ್ಯಾಂಪ್ ಸಿಕ್ಕಿಸಿ ಬೋರ್ಡನ್ನು ಹತ್ತು ಸಲ ಆಫ್ ಆನ್ ಮಾಡಿ ನೋಡಿ.

## ಪಿಎಚ್, ಟಿಡಿಎಸ್: ನೋಡುವುದಕ್ಕೆ ಸರಿ, ಆಳುವುದಕ್ಕೆ ಅಲ್ಲ

ಪಿಎಚ್ ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ. 7 ನಡುವಿನದು. ಈ ಅಳತೆಯಲ್ಲಿ ಒಂದು ಮೆಟ್ಟಿಲು ಅಂದರೆ ಹತ್ತು ಪಟ್ಟು. 7ರಿಂದ 6ಕ್ಕೆ ಇಳಿದರೆ ನೀರು ಹತ್ತು ಪಟ್ಟು ಹುಳಿಯಾಗಿದೆ ಅಂತ. ಅಮೋನಿಯಾಗೂ ಇದಕ್ಕೂ ನಂಟಿದೆ: ಪಿಎಚ್ ಮತ್ತು ಬಿಸಿ ಏರಿದಷ್ಟೂ ಅದೇ ಅಮೋನಿಯಾದ ಹೆಚ್ಚಿನ ಪಾಲು ವಿಷದ ರೂಪಕ್ಕೆ ತಿರುಗುತ್ತದೆ.

ಇದನ್ನು ಅಳೆಯುವುದು ತುದಿಯಲ್ಲಿ ತೆಳು ಗಾಜಿನ ಗುಳ್ಳೆ ಇರುವ ಕಡ್ಡಿ. ಪಿಎಚ್ ಒಂದು ಮೆಟ್ಟಿಲು ಬದಲಾದರೆ ಅದು ಕೊಡುವ ವೋಲ್ಟೇಜ್ 25 ಡಿಗ್ರಿಯಲ್ಲಿ ಸುಮಾರು 59 ಮಿಲಿವೋಲ್ಟ್ ಬದಲಾಗುತ್ತದೆ. ಬಹಳ ಸಣ್ಣ ಸದ್ದು ಅದು, ಪಿಸುಮಾತಿನ ಹಾಗೆ. ಪಕ್ಕದಲ್ಲಿ ಯಾರು ಗದ್ದಲ ಮಾಡಿದರೂ ತಪ್ಪು ಕೇಳಿಸುತ್ತದೆ. ಅದೇ ನೀರಿನಲ್ಲಿ ಟಿಡಿಎಸ್ (ಕರಗಿರುವ ಲವಣ) ಅಳೆಯುವ ಕಡ್ಡಿ ಓಡುತ್ತಿದ್ದರೆ ಅದರ ಕರೆಂಟ್ ಪಿಎಚ್ ಓದನ್ನು ಕೆಡಿಸುತ್ತದೆ, ಆದ್ದರಿಂದ ಒಂದು ಆಫ್ ಮಾಡಿಯೇ ಇನ್ನೊಂದನ್ನು ಓದಬೇಕು. ಪಂಪಿನಿಂದಲೋ ಹೀಟರಿನಿಂದಲೋ ನೀರಿಗೆ ಚೂರು ಕರೆಂಟ್ ಸೋರುತ್ತಿದ್ದರೂ ಓದು ಓಲಾಡುತ್ತದೆ. ಇಎಸ್‌ಪಿ32ರ ಸ್ವಂತ ವೋಲ್ಟೇಜ್ ಅಳೆಯುವ ಭಾಗವೂ ಅಷ್ಟು ನಿಖರ ಅಲ್ಲ, ಎಡಿಎಸ್1115 ಎಂಬ ಚಿಕ್ಕ ಚಿಪ್ ಸೇರಿಸಿದರೆ ವಾಸಿ. ತಿಂಗಳಿಗೊಮ್ಮೆ ಬಫರ್ ದ್ರಾವಣದಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಅದ್ದಿ ಹೊಂದಿಸಬೇಕು, ಕಡ್ಡಿಯ ತುದಿ ಒಣಗಬಾರದು, ಇಷ್ಟೆಲ್ಲಾ ನೋಡಿಕೊಂಡರೂ ಒಂದೆರಡು ವರ್ಷಕ್ಕೆ ಮುಗಿಯುತ್ತದೆ.

ಟಿಡಿಎಸ್ ಸುಲಭ. ನೀರಿನಲ್ಲಿ ಕರೆಂಟ್ ಎಷ್ಟು ಸರಾಗವಾಗಿ ಹರಿಯುತ್ತದೆ ಅಂತ ನೋಡಿ, ಕರಗಿರುವ ಲವಣಗಳನ್ನು ಅಂದಾಜು ಮಾಡುತ್ತದೆ. ಬೋರ್‌ವೆಲ್ ನೀರಿಗೂ ಕಾವೇರಿ ನೀರಿಗೂ ಇದರಲ್ಲಿ ದೊಡ್ಡ ವ್ಯತ್ಯಾಸ ಕಾಣುತ್ತದೆ. ಟ್ಯಾಂಕರ್ ನೀರು ಬಂದ ದಿನವೂ ಗೊತ್ತಾಗುತ್ತದೆ. ಆದರೆ ಯಾವ ಲವಣ ಅಂತ ಅದು ಹೇಳುವುದಿಲ್ಲ, ಕ್ಲೋರಿನ್ ಇದೆಯಾ ಅಂತಲೂ ಹೇಳುವುದಿಲ್ಲ. ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ಹನಿ ಹಾಕುವುದನ್ನು ಟಿಡಿಎಸ್ ನೋಡಿ ಬಿಡಬೇಡಿ.

ಹೀಗೆ ಓಲಾಡುವ ಓದನ್ನು ನಂಬಿಕೊಂಡು ಪಿಎಚ್ ಏರಿಸುವ, ಇಳಿಸುವ ದ್ರಾವಣವನ್ನು ಪಂಪಿನಿಂದ ತೊಟ್ಟಿಗೆ ಬಿಡಬಾರದು. ಗ್ರಾಫ್ ನೋಡಿ, ಸಂಶಯ ಬಂದರೆ ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್‌ನಲ್ಲಿ ಪರೀಕ್ಷಿಸಿ, ಆಮೇಲೆ ನೀವೇ ಕೈಯಾರೆ ಮಾಡಿ. ಅಮೋನಿಯಾ, ನೈಟ್ರೈಟ್, ನೈಟ್ರೇಟ್‌ಗಳಿಗಂತೂ ಮನೆಬಳಕೆಯ ಬೆಲೆಯಲ್ಲಿ ನಂಬುವಂಥ ಸೆನ್ಸರ್ ಇಲ್ಲ, ಟೆಸ್ಟ್ ಕಿಟ್ಟೇ ಗತಿ.

## ನೀರು ತುಂಬುವುದು

ಸಾರು ಕುದಿಸುತ್ತಾ ಹೋದರೆ ನೀರು ಆವಿಯಾಗಿ ಉಪ್ಪು ಜಾಸ್ತಿಯಾಗುತ್ತದೆ, ಅಲ್ವಾ? ತೊಟ್ಟಿಯಲ್ಲೂ ಅದೇ. ಆವಿಯಾಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದ ಮಟ್ಟಕ್ಕೆ ಆರ್‌ಓ ನೀರಿನಂಥ ಲವಣ ಕಡಿಮೆ ಇರುವ ನೀರನ್ನೇ ತುಂಬಬೇಕು. ಫ್ಲೋಟ್ ಸ್ವಿಚ್ ಅಂದರೆ ಅಯಸ್ಕಾಂತ ಇರುವ ತೇಲುಗುಂಡು. ಮಟ್ಟ ಇಳಿದಾಗ ಅದೂ ಇಳಿದು ಒಳಗಿನ ಸ್ವಿಚ್ಚನ್ನು ಬದಲಿಸುತ್ತದೆ, ಬೋರ್ಡ್ ಸಣ್ಣ ಪಂಪ್ ಓಡಿಸುತ್ತದೆ.

ಇದು ಕೆಟ್ಟರೆ? ಗುಂಡಿಗೆ ಪಾಚಿ ಹಿಡಿದು ಅಥವಾ ಬಸವನಹುಳು ಕೂತು ಅದು ಕೆಳಗೇ ಉಳಿದರೆ ಪಂಪ್ ನಿಲ್ಲುವುದಿಲ್ಲ, ಹಾಲ್ ತುಂಬಾ ನೀರು. ಅದಕ್ಕೆ ಮೇಲಿನ ಮಟ್ಟದಲ್ಲಿ ಎರಡನೇ ಗುಂಡು ಹಾಕಿ, ಪಂಪ್ ಒಂದು ಸಲಕ್ಕೆ 30 ಸೆಕೆಂಡ್ ಮೀರಿ ಓಡಕೂಡದು ಅಂತ ಪ್ರೋಗ್ರಾಂನಲ್ಲೇ ಕಟ್ಟು ಹಾಕಿ. ಎಲ್ಲಕ್ಕಿಂತ ಗಟ್ಟಿ ಉಪಾಯ ಅಂದರೆ ಪಂಪನ್ನು ಐದು ಲೀಟರ್ ಕ್ಯಾನಿನಲ್ಲಿ ಇಡುವುದು. ಏನೇ ಕೆಟ್ಟರೂ ಐದು ಲೀಟರಿಗಿಂತ ಜಾಸ್ತಿ ಬರಲು ಸಾಧ್ಯವೇ ಇಲ್ಲ. ಪೈಪಿನ ತುದಿ ಮಾತ್ರ ತೊಟ್ಟಿಯ ನೀರಿಗೆ ಮುಳುಗಿರಬಾರದು, ಮುಳುಗಿದ್ದರೆ ಪಂಪ್ ನಿಂತಾಗ ನೀರು ವಾಪಸ್ ಕ್ಯಾನಿಗೆ ಇಳಿದು ನೆಲಕ್ಕೆ ಹರಿಯುತ್ತದೆ.

## ನೀರು ಮತ್ತು 230 ವೋಲ್ಟ್

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಇಲ್ಲಿ ತಪ್ಪಾದರೆ ಹೋಗುವುದು ಮನುಷ್ಯರ ಜೀವ.

ಆರ್‌ಸಿಸಿಬಿ ಅಂತ ಒಂದು ಸ್ವಿಚ್ ಇರುತ್ತದೆ, ಮನೆಗೆಲ್ಲಾ ಕರೆಂಟ್ ಹಂಚುವ ಡಿಬಿ ಬಾಕ್ಸಿನಲ್ಲಿ 'ಟೆಸ್ಟ್' ಬಟನ್ ಇರುವುದೇ ಅದು. ಹೊರಗೆ ಹೋದ ಕರೆಂಟೂ ವಾಪಸ್ ಬಂದ ಕರೆಂಟೂ ಸಮ ಇದೆಯಾ ಅಂತ ಅದು ಸದಾ ಲೆಕ್ಕ ಹಾಕುತ್ತಿರುತ್ತದೆ. ವ್ಯತ್ಯಾಸ ಬಂದರೆ ಕರೆಂಟ್ ಬೇರೆಲ್ಲೋ, ಬಹುಶಃ ಒಬ್ಬ ಮನುಷ್ಯನ ಮೂಲಕ, ನೆಲಕ್ಕೆ ಹೋಗುತ್ತಿದೆ ಅಂತ ಅರ್ಥ. 30 ಮಿಲಿಆಂಪಿಯರ್ ವ್ಯತ್ಯಾಸಕ್ಕೇ ಕಡಿಯುವಂಥದ್ದು ಬೇಕು. ಎಂಸಿಬಿ (ಕರೆಂಟ್ ಮಿತಿ ಮೀರಿದಾಗ ಕಡಿಯುವ ಸ್ವಿಚ್) ಈ ಕೆಲಸ ಮಾಡುವುದಿಲ್ಲ, ಅದು ವೈರನ್ನು ಕಾಯುತ್ತದೆ, ನಿಮ್ಮನ್ನಲ್ಲ. ಹಳೆಯ ಮನೆಗಳಲ್ಲಿ ಆರ್‌ಸಿಸಿಬಿ ಇರುವುದೇ ಇಲ್ಲ, ಎಲೆಕ್ಟ್ರಿಷಿಯನ್ ಕರೆಸಿ ಮೊದಲು ಅದನ್ನು ಹಾಕಿಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ. 230 ವೋಲ್ಟಿನ ವೈರಿಂಗ್ ಬಾರದಿದ್ದರೆ ರಿಲೇ ಪೆಟ್ಟಿಗೆಯ ಆ ಭಾಗವನ್ನೂ ಅವರಿಂದಲೇ ಮಾಡಿಸಿ.

ತೊಟ್ಟಿಯಿಂದ ಬರುವ ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಇಳಿದು, ತೊಟ್ಟಿಲಿನ ಹಾಗೆ ಬಾಗಿ, ಮತ್ತೆ ಮೇಲೇರಬೇಕು. ವೈರ್ ಹಿಡಿದು ಜಾರುವ ಹನಿ ಆ ಬಾಗಿನ ತಳದಲ್ಲೇ ನೆಲಕ್ಕೆ ಬೀಳುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ರಿಲೇ ಪೆಟ್ಟಿಗೆ ತೊಟ್ಟಿಯ ಕೆಳಗೆ ಬೇಡ, ಪಕ್ಕದ ಗೋಡೆಗೆ ಎತ್ತರದಲ್ಲಿ ಇರಲಿ. ನೀರಿಗೆ ಕೈ ಹಾಕುವ ಮೊದಲು ಎಲ್ಲದರ ಪ್ಲಗ್ ಕೀಳಿ, ಒಂದೇ ಸೆಕೆಂಡಿನ ಕೆಲಸ ಇದ್ದರೂ.

## ಮೊಬೈಲಿಗೆ ಸುದ್ದಿ, ಮತ್ತು ಸುದ್ದಿ ಬಾರದಿದ್ದರೆ

ಹೋಮ್ ಅಸಿಸ್ಟೆಂಟ್ ಎಂಬ ಉಚಿತ ಸಾಫ್ಟ್‌ವೇರನ್ನು ಹಳೆಯ ಲ್ಯಾಪ್‌ಟಾಪಿನಲ್ಲೋ ರಾಸ್‌ಬೆರ್ರಿ ಪೈನಲ್ಲೋ ಹಾಕಿಟ್ಟರೆ ಗ್ರಾಫ್, ಎಚ್ಚರಿಕೆ ಎಲ್ಲಾ ಸಿಗುತ್ತದೆ. ಟೆಲಿಗ್ರಾಂಗೂ ಸುದ್ದಿ ಕಳಿಸಬಹುದು. ಆದರೆ ಹೀಟರ್ ಆನ್ ಮಾಡಬೇಕೋ ಆಫ್ ಮಾಡಬೇಕೋ ಅನ್ನುವ ತೀರ್ಮಾನ ಮಾತ್ರ ತೊಟ್ಟಿ ಪಕ್ಕದ ಬೋರ್ಡಿನಲ್ಲೇ ಇರಲಿ. ವೈಫೈ ಹೋಯಿತು ಅಂತ ಮೀನಿನ ಬಿಸಿನೀರು ನಿಲ್ಲಬಾರದು.

ಇಎಸ್‌ಪಿಹೋಮ್ ಬಳಸುವವರು ಇಲ್ಲೊಂದು ಮಾತು ಗಮನಿಸಬೇಕು. ಅದು ತಾನಾಗಿಯೇ ಎರಡು ಗಡುವು ಇಟ್ಟುಕೊಂಡಿರುತ್ತದೆ: 15 ನಿಮಿಷ ಹೋಮ್ ಅಸಿಸ್ಟೆಂಟ್ ಅಥವಾ ವೈಫೈ ಸಿಗದಿದ್ದರೆ ಬೋರ್ಡ್ ತನ್ನನ್ನು ತಾನೇ ರೀಸ್ಟಾರ್ಟ್ ಮಾಡಿಕೊಳ್ಳುತ್ತದೆ. ರೂಟರ್ ಕೆಟ್ಟ ರಾತ್ರಿ ಪ್ರತಿ ಕಾಲು ಗಂಟೆಗೊಮ್ಮೆ ರಿಲೇಗಳು ಟಕ್ ಟಕ್ ಅನ್ನುತ್ತಾ ಇದ್ದಿದ್ದನ್ನು ಕೇಳಿಯೇ ನನಗೆ ಇದು ಗೊತ್ತಾಗಿದ್ದು. ಎರಡೂ ಗಡುವನ್ನು ಸೊನ್ನೆ ಮಾಡಿದರೆ ನಿಲ್ಲುತ್ತದೆ.

ಇನ್ನು ಕರೆಂಟ್ ಹೋದಾಗ. ಬೋರ್ಡೂ ಹೋಗುತ್ತದೆ, ರೂಟರೂ ಹೋಗುತ್ತದೆ, ಸುದ್ದಿ ಕಳಿಸುವವರೇ ಇಲ್ಲ. ನಿಮ್ಮ ಮೊಬೈಲ್ ಸುಮ್ನೆ ಇರುತ್ತದೆ, ನೀವು ಎಲ್ಲಾ ಸರಿ ಇದೆ ಅಂದುಕೊಂಡಿರುತ್ತೀರಿ. ಅಮ್ಮ "ತಲುಪಿದ ತಕ್ಷಣ ಫೋನ್ ಮಾಡು" ಅನ್ನುತ್ತಾರಲ್ಲ, ಫೋನ್ ಬಾರದಿದ್ದರೆ ಅದೇ ಅವರಿಗೆ ಸುದ್ದಿ. ಹಾಗೇ ಮನೆಯ ಹೊರಗಿನ ಒಂದು ಸೇವೆಗೆ ಬೋರ್ಡ್ ಐದು ನಿಮಿಷಕ್ಕೊಮ್ಮೆ "ಇದ್ದೇನೆ" ಅಂತ ಹೇಳುತ್ತಿರಬೇಕು, 20 ನಿಮಿಷ ಆ ಮಾತು ಬಾರದಿದ್ದರೆ ಆ ಸೇವೆ ನಿಮ್ಮನ್ನು ಎಬ್ಬಿಸಬೇಕು. ಜತೆಗೆ, ಕರೆಂಟ್ ಹೋದಾಗ ತಾನಾಗಿಯೇ ಶುರುವಾಗುವ ಬ್ಯಾಟರಿ ಏರ್ ಪಂಪ್ ಒಂದನ್ನು ತೊಟ್ಟಿಗೆ ಇಡಿ. ಅದರ ಗುಳ್ಳೆಗೆ ಒಂದು ಸ್ಪಂಜ್ ಫಿಲ್ಟರ್ ಜೋಡಿಸಿದ್ದರೆ ಬ್ಯಾಕ್ಟೀರಿಯಾಗಳಿಗೂ ಉಸಿರು ಸಿಗುತ್ತದೆ.

## ಊಟ ಮತ್ತು ಲೈಟು

ಎಲ್ಲರೂ ಮೊದಲು ಕೇಳುವುದು ಊಟ ಹಾಕುವ ಯಂತ್ರ. ನಾನು ಕೊನೆಗೆ ಇಡುತ್ತೇನೆ. ಆರೋಗ್ಯವಾಗಿರುವ, ಪೂರ್ತಿ ಬೆಳೆದ ಮೀನು ಮೂರು ನಾಲ್ಕು ದಿನ ಊಟ ಇಲ್ಲದೆ ಆರಾಮಾಗಿ ಇರುತ್ತದೆ. ಯಂತ್ರ ಅಂಟಿಕೊಂಡು ಡಬ್ಬಿಯ ಊಟವೆಲ್ಲಾ ಒಮ್ಮೆಗೇ ಬಿದ್ದರೆ ಅಮೋನಿಯಾ ಏರಿ ಎಲ್ಲಾ ಹೋಗುತ್ತವೆ. ಪಕ್ಕದ ಮನೆ ಆಂಟಿ ಪ್ರೀತಿಯಿಂದ ಒಂದು ಹಿಡಿ ಹಾಕಿದರೂ ಅದೇ ಕತೆ. ಅವರಿಗೆ ಡಬ್ಬಿ ಕೊಡಬೇಡಿ, ವಾರದ ಮಾತ್ರೆ ಹಾಕಿಡುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಒಂದೊಂದು ದಿನದ್ದು ಒಂದೊಂದು ಗೂಡಿನಲ್ಲಿ ಹಾಕಿ ಕೊಡಿ. ಲೈಟಿಗೆ ದಿನಕ್ಕೆ 6ರಿಂದ 8 ಗಂಟೆ ಸಾಕು, ಜಾಸ್ತಿಯಾದರೆ ಪಾಚಿ.

## ಊರಿಗೆ ಹೊರಡುವ ಮೊದಲು ಒಂದು ಭಾನುವಾರ

ಕಟ್ಟಿದ ಮೇಲೆ ಒಂದು ದಿನ ಪೂರ್ತಿ ಮನೆಯಲ್ಲಿದ್ದು, ಬೇಕಂತಲೇ ಒಂದೊಂದಾಗಿ ಕೆಡಿಸಿ ನೋಡಿ. ಬಿಸಿ ಅಳೆಯುವ ಕಡ್ಡಿಯ ವೈರ್ ಕೀಳಿ: ಹೀಟರ್ ಆಫ್ ಆಗಿ ಸುದ್ದಿ ಬರಬೇಕು. ಕಡ್ಡಿಯನ್ನು 32 ಡಿಗ್ರಿ ಬಿಸಿನೀರಿನ ಲೋಟಕ್ಕೆ ಹಾಕಿ: ಫ್ಯಾನ್ ಓಡಬೇಕು, ಎಚ್ಚರಿಕೆ ಬರಬೇಕು. ಬೋರ್ಡಿನ ಚಾರ್ಜರ್ ಕೀಳಿ: ಫಿಲ್ಟರ್ ಓಡುತ್ತಲೇ ಇರಬೇಕು. ರೂಟರ್ ಆರಿಸಿ ಅರ್ಧ ಗಂಟೆ ಕಾಯಿರಿ: ರಿಲೇ ಸದ್ದು ಕೇಳಿಸಬಾರದು, ಹೊರಗಿನ ಸೇವೆಯಿಂದ ಮೊಬೈಲ್ ಡೇಟಾದಲ್ಲಿ ಸುದ್ದಿ ಬರಬೇಕು. ತೇಲುಗುಂಡನ್ನು ಒಂದು ಒಣ ಮರದ ಕಡ್ಡಿಯಿಂದ ಒತ್ತಿ ಹಿಡಿಯಿರಿ (ಪ್ಲಗ್ ಹಾಕಿಯೇ ಇರುತ್ತದೆ, ಆದ್ದರಿಂದ ಕೈ ನೀರಿಗೆ ಬೇಡ): 30 ಸೆಕೆಂಡಿಗೆ ಪಂಪ್ ನಿಲ್ಲಬೇಕು.

ಕೊನೆಗೆ ಮೇನ್ ಸ್ವಿಚ್ ಇಳಿಸಿ ಪಕ್ಕದಲ್ಲಿ ಕುಳಿತುಕೊಳ್ಳಿ. ನಾನು ಮೊದಲ ಸಲ ಹಾಗೆ ಮಾಡಿದಾಗ ಫ್ರಿಜ್ ಕೂಡ ಸುಮ್ಮನಾಗಿ ಮನೆ ನಿಶ್ಶಬ್ದವಾಯಿತು, ಎರಡು ಸೆಕೆಂಡ್ ಏನೂ ಇಲ್ಲ, ಆಮೇಲೆ ಬ್ಯಾಟರಿ ಪಂಪ್ ಗುಂಯ್ ಅಂತು. ಕತ್ತಲಲ್ಲಿ ಟಾರ್ಚ್ ಬಿಟ್ಟು ನೋಡಿದ ಮಗಳು "ಅಪ್ಪಾ, ಗುಳ್ಳೆ ಬರ್ತಿದೆ" ಅಂದಳು. ಹೊಸ ಕೋರಿಗಳು ಮರಳು ಕೆದಕುತ್ತಾ ಇದ್ದವು.